ಪದವಿನ ಮೇಲೆ ಅಮೆರಿಕನ್ ಫುಟ್‌ಬಾಲ್: ಕಾಸರಗೋಡಿನಲ್ಲಿ ತರಬೇತಿ ಮತ್ತು ತಿರುಗಾಟ

ಅಮೆರಿಕನ್ ಫುಟ್‌ಬಾಲನ್ನು ಅಮೆರಿಕದ ಹೊರಗೆ ಕಲಿಸಲು ಹೊರಟವರು ಸಾಮಾನ್ಯವಾಗಿ ಜರ್ಮನಿಗೋ ಆಸ್ಟ್ರಿಯಕ್ಕೋ ಇಟಲಿಗೋ ಹೋಗುತ್ತಾರೆ. ಅಲ್ಲಿ ದಶಕಗಳಿಂದ ಲೀಗ್‌ಗಳು ನಡೆಯುತ್ತಿವೆ. ವಾರದ ಕೆಲವು ಸಂಜೆ ಅಭ್ಯಾಸ, ವಾರಾಂತ್ಯದಲ್ಲಿ ಪಂದ್ಯ, ಉಳಿದ ಹೊತ್ತಿನಲ್ಲಿ ರೈಲು ಹತ್ತಿ ಊರು ನೋಡುವುದು ಅಲ್ಲಿನ ತರಬೇತುದಾರರ ದಿನಚರಿ. ನಾನು ಹೋದದ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಗೆ, ಏಪ್ರಿಲ್ ಮತ್ತು ಮೇ ತಿಂಗಳ ಬೇಸಿಗೆ ರಜೆಯಲ್ಲಿ, ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗೆ ಶಿಬಿರ ನಡೆಸಲು. ತರಬೇತಿಗೊಂದು ವೇಳಾಪಟ್ಟಿ, ತಿರುಗಾಟಕ್ಕೊಂದು ವೇಳಾಪಟ್ಟಿ ಎಂದು ಎರಡನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ಎರಡೂ ಕೆಡುತ್ತವೆ ಎಂಬುದು ನನ್ನ ಅಭಿಪ್ರಾಯ. ಊರಿನ ಬಿಸಿಲು, ನೆಲ, ಜಾತ್ರೆ, ಆಟ, ಇವುಗಳನ್ನು ಕಣ್ಣಾರೆ ನೋಡದವರು ಆ ಊರಿನ ಮಕ್ಕಳ ಕೈಗೆ ಹೊಸ ಚೆಂಡು ಕೊಟ್ಟು ಹೆಚ್ಚೇನೂ ಸಾಧಿಸಲಾರರು.

ನಾನು ಸಾಗರದ ಹತ್ತಿರದ ಹಳ್ಳಿಯವಳು. ಹೆಚ್ಚಿನ ಓದಿಗೆಂದು ಅಮೆರಿಕಕ್ಕೆ ಹೋಗಿದ್ದಾಗ ವಿಶ್ವವಿದ್ಯಾಲಯದ ಒಳಗಿನ ಪಂದ್ಯಾವಳಿಗಳಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಆಡಿದೆ. ಕೆಲಸಕ್ಕೆ ಸೇರಿದ ಮೇಲೆ, ಅಲ್ಲಿ ಮಕ್ಕಳ ಲೀಗ್‌ಗಳನ್ನು ಬಹುಮಟ್ಟಿಗೆ ಹೆತ್ತವರೂ ಸ್ವಯಂಸೇವಕರೂ ಸೇರಿ ನಡೆಸುವುದರಿಂದ, ನನಗೂ ಒಂದು ತಂಡದ ಸಹಾಯಕ ತರಬೇತುದಾರಳ ಕೆಲಸ ಸಿಕ್ಕಿತು. ಊರಿಗೆ ಮರಳಿದ ಮೇಲೆ ಆ ಚೆಂಡುಗಳು ಅಟ್ಟ ಸೇರಿದ್ದವು. ದೊಡ್ಡಪ್ಪನ ಮಗಳನ್ನು ಬದಿಯಡ್ಕದ ಕಡೆಗೆ ಕೊಟ್ಟಿದೆ. ಅವಳ ಗಂಡ, ಅಂದರೆ ನಮ್ಮ ಭಾವ, ಅಲ್ಲಿನ ಶಾಲೆಯ ದೈಹಿಕ ಶಿಕ್ಷಕರೊಂದಿಗೆ ಮಾತನಾಡುತ್ತ ನನ್ನ ವಿಷಯ ಎತ್ತಿದ್ದೇ ಈ ಶಿಬಿರಕ್ಕೆ ಕಾರಣವಾಯಿತು.

ಮೊದಲು ತೀರ್ಮಾನವಾಗಬೇಕಾಗಿದ್ದದ್ದು ಯಾವ ಆಟ ಎಂಬುದು. ಪೂರ್ಣ ರೂಪದ ಅಮೆರಿಕನ್ ಫುಟ್‌ಬಾಲಿಗೆ ಒಂದು ತಂಡಕ್ಕೆ ಹನ್ನೊಂದು ಮಂದಿ, ಪ್ರತಿಯೊಬ್ಬರಿಗೂ ಹೆಲ್ಮೆಟ್ ಮತ್ತು ಭುಜದ ಕವಚ, 120 ಗಜ ಉದ್ದ, 53 ಗಜಕ್ಕೂ ತುಸು ಹೆಚ್ಚು ಅಗಲದ ಹುಲ್ಲಿನ ಮೈದಾನ ಬೇಕು. ಕಾಸರಗೋಡಿನ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲುಗಳಲ್ಲಿ, ಮಣ್ಣಿಗಿಂತ ಕೆಂಪುಕಲ್ಲೇ ಹೆಚ್ಚು. ಬೇಸಿಗೆಯಲ್ಲಿ ಅದರ ಮೇಲೆ ಸಣ್ಣ ಹರಳು ಎದ್ದು, ಬಿದ್ದವರ ಮೊಣಕಾಲಿನ ಚರ್ಮವನ್ನು ಸುಲಿದುಬಿಡುತ್ತದೆ. ಹೀಗಾಗಿ ಆಯ್ಕೆ ಫ್ಲ್ಯಾಗ್ ಫುಟ್‌ಬಾಲಿನ ಕಡೆಗೇ ಹೋಯಿತು. ಇದರಲ್ಲಿ ಎದುರಾಳಿಯನ್ನು ಕೆಡವುವುದಿಲ್ಲ. ಚೆಂಡು ಹಿಡಿದವರ ಸೊಂಟದ ಪಟ್ಟಿಗೆ ಅಂಟಿಸಿರುವ ಬಟ್ಟೆಯ ಪಟ್ಟಿಯನ್ನು ಕಿತ್ತರೆ ಅಲ್ಲಿಗೆ ಆ ಸರದಿ ಮುಗಿಯುತ್ತದೆ. ತಂಡಕ್ಕೆ ಐವರು, ಅಂಕಣ ಎರಡು ತುದಿಗಳ ಎಂಡ್ ಝೋನ್ (ಅಂಕ ಗಳಿಸುವ ಜಾಗ) ಸೇರಿ 70 ಗಜ ಉದ್ದ, 25 ಗಜ ಅಗಲ, ಆಟ 20 ನಿಮಿಷಗಳ ಎರಡು ಅವಧಿ. ಮೈಗೆ ಮೈ ತಾಗಿಸುವುದೇ ತಪ್ಪಾದ್ದರಿಂದ ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಆಡಿಸಬಹುದು.

ಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ ಹಿರಿಯರೊಬ್ಬರು, "ಅಮೆರಿಕದ ಫುಟ್‌ಬಾಲು ಅಂದ್ರೆ ಟಿವಿಯಲ್ಲಿ ತೋರಿಸ್ತಾರಲ್ಲ, ಗೂಳಿಗಳ ಹಾಗೆ ಢಿಕ್ಕಿ ಹೊಡೆಯುವುದು, ಅದೇ ಅಲ್ವಾ ಟೀಚರೇ? ಮಕ್ಕಳ ಕೈಕಾಲು ಮುರಿದರೆ ನಾವು ಎಂತ ಹೇಳುವುದು?" ಎಂದು ಕೇಳಿದರು. ನಾನು ಪಟ್ಟಿ ಕೀಳುವುದನ್ನು ಅಲ್ಲೇ ತೋರಿಸಿದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇನ್ನೊಂದು ಸಂಗತಿ: 2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ನಡೆದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಕ್ರಿಕೆಟನ್ನು ಸೇರಿಸಿದಾಗ, ಅದರ ಜೊತೆಗೇ ಫ್ಲ್ಯಾಗ್ ಫುಟ್‌ಬಾಲನ್ನೂ ಪುರುಷರ ಮತ್ತು ಮಹಿಳೆಯರ ವಿಭಾಗಗಳಲ್ಲಿ ಸೇರಿಸಲಾಯಿತು. ಒಲಿಂಪಿಕ್ಸ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಸಭೆಯ ಚರ್ಚೆ ಮಕ್ಕಳ ಮೂಳೆಯನ್ನು ಬಿಟ್ಟು ಸಮವಸ್ತ್ರದ ಬಣ್ಣಕ್ಕೆ ಹೊರಳಿತು.

ಸಲಕರಣೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಥ ಊರುಗಳಲ್ಲಿ ಆಟ ನಿಲ್ಲುವುದು ಅಲ್ಲಿಯೇ. ಚರ್ಮದ ಚೆಂಡು ಕರಾವಳಿಯ ಸೆಕೆಗೆ ಸಲ್ಲದು. ಬೆವರಿದ ಕೈಯಲ್ಲಿ ಅದು ಜಾರುತ್ತದೆ, ಹರಳುನೆಲದಲ್ಲಿ ಬೇಗ ಸವೆಯುತ್ತದೆ. ರಬ್ಬರಿನ, ಚಿಕ್ಕ ಅಳತೆಯ, ಮಕ್ಕಳ ಚೆಂಡುಗಳೇ ವಾಸಿ. ಸೊಂಟದ ಪಟ್ಟಿಗಳನ್ನು ಪೇಟೆಯ ದರ್ಜಿಯಿಂದ ಹೊಲಿಸಿದೆವು: ಶಾಲೆಯ ಚೀಲಕ್ಕೆ ಬಳಸುವ ದಪ್ಪ ನೈಲಾನ್ ಪಟ್ಟಿ, ಎರಡು ಪಕ್ಕಗಳಲ್ಲಿ ವೆಲ್ಕ್ರೋ, ಅದಕ್ಕೆ ಅಂಟುವಂತೆ ಕೆಂಪು ಮತ್ತು ಹಳದಿ ಬಟ್ಟೆಯ ಉದ್ದ ತುಂಡುಗಳು. ದರ್ಜಿಯವರು ಮೊದಲು ವೆಲ್ಕ್ರೋವನ್ನು ಗಟ್ಟಿಯಾಗಿರಲೆಂದು ಅಂಗೈ ಅಗಲ ಹೊಲಿದಿದ್ದರು. ಎಳೆದರೆ ಪಟ್ಟಿಯ ಜೊತೆ ಮಗುವೇ ಬರುತ್ತಿತ್ತು. ಎರಡು ಬೆರಳಗಲಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಕೆಂಪುಮಣ್ಣಿನ ಧೂಳೂ ಒಣಹುಲ್ಲಿನ ಎಳೆಗಳೂ ವೆಲ್ಕ್ರೋದ ಕೊಂಡಿಗಳಲ್ಲಿ ತುಂಬಿಕೊಂಡರೆ ಅದು ಹಿಡಿಯುವುದನ್ನೇ ಬಿಡುತ್ತದೆ; ಆದ್ದರಿಂದ ಪ್ರತಿ ಸಂಜೆ ಹೇನು ಬಾಚುವ ಸಣ್ಣ ಹಲ್ಲಿನ ಹಣಿಗೆಯಿಂದ ಪಟ್ಟಿಗಳನ್ನು ಬಾಚುವ ಕೆಲಸವನ್ನು ಮಕ್ಕಳಿಗೇ ಸರದಿಯಂತೆ ಹಂಚಿದೆ. ಗೆರೆಗಳಿಗೆ ಸುಣ್ಣದ ಪುಡಿ. ಮೂಲೆಗಳನ್ನು ಗುರುತಿಸಲು ಭಾವನ ತೋಟದ ಅಡಿಕೆ ಹಾಳೆಗಳಿಗೆ ಸುಣ್ಣ ಬಳಿದು, ಗಾಳಿಗೆ ಹಾರದಂತೆ ಕಲ್ಲು ಹೇರಿ ಇಟ್ಟೆವು. ಅವು ತುಳಿದರೂ ಕಾಲಿಗೆ ನೋವಾಗುವುದಿಲ್ಲ, ಮುರಿದರೆ ಮರುದಿನ ಬೇರೆ ಬೀಳುತ್ತವೆ.

ನಿಯಮಗಳನ್ನು ಹೇಳಿಕೊಡುವಾಗ ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ, ಆಟ ಪದೇ ಪದೇ ಏಕೆ ನಿಲ್ಲುತ್ತದೆ, ನಾಲ್ಕೇ ಅವಕಾಶ ಏಕೆ ಎಂಬುದು. ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಒಂದು ತಂಡ ತನ್ನ 5 ಗಜದ ಗೆರೆಯಿಂದ ಹೊರಟು ನಾಲ್ಕು ಅವಕಾಶಗಳಲ್ಲಿ, ಅಂದರೆ ನಾಲ್ಕು ಡೌನ್‌ಗಳಲ್ಲಿ ನಡುಗೆರೆ ದಾಟಬೇಕು. ದಾಟಿದರೆ ಟಚ್‌ಡೌನ್ ಮಾಡಲು, ಅಂದರೆ ಚೆಂಡನ್ನು ಎಂಡ್ ಝೋನಿಗೆ ಮುಟ್ಟಿಸಲು, ಮತ್ತೆ ನಾಲ್ಕು. ಇದರ ಹಿಂದಿನ ಕತೆ ಚೆನ್ನಾಗಿದೆ. ರಗ್ಬಿಯಿಂದ ಬೇರ್ಪಟ್ಟು ಈ ಆಟ ರೂಪುಗೊಳ್ಳುತ್ತಿದ್ದ ಕಾಲದಲ್ಲಿ, ವಾಲ್ಟರ್ ಕ್ಯಾಂಪ್ ಎಂಬವರ ಸಲಹೆಯಂತೆ 1880ರಲ್ಲಿ ಚೆಂಡನ್ನು ಒಂದು ತಂಡದ ವಶಕ್ಕೆ ಕೊಟ್ಟು ಗೆರೆಯ ಮೇಲಿಂದ ಆಟ ಆರಂಭಿಸುವ ಪದ್ಧತಿ ಬಂತು. ಆದರೆ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಮಿತಿ ಇರಲಿಲ್ಲ. 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ಕಾಲೇಜು ತಂಡಗಳು ಮೊದಲರ್ಧದಲ್ಲಿ ಒಬ್ಬರು, ಎರಡನೆಯ ಅರ್ಧದಲ್ಲಿ ಇನ್ನೊಬ್ಬರು ಎಂಬಂತೆ ಚೆಂಡನ್ನು ಸುಮ್ಮನೆ ಹಿಡಿದುಕೊಂಡೇ ಕಾಲ ಕಳೆದು, ಯಾರಿಗೂ ಅಂಕವಿಲ್ಲದೆ ಪಂದ್ಯ ಮುಗಿಸಿ, ನೋಡಲು ಬಂದವರ ತಾಳ್ಮೆಯನ್ನು ಪರೀಕ್ಷಿಸಿದವು. ಮರುವರ್ಷ, 1882ರಲ್ಲಿ, ಮೂರು ಡೌನ್‌ಗಳಲ್ಲಿ 5 ಗಜ ಮುಂದೆ ಹೋಗದಿದ್ದರೆ ಚೆಂಡು ಬಿಟ್ಟುಕೊಡಬೇಕೆಂಬ ನಿಯಮ ಬಂತು. ಈಗಿನ ನಾಲ್ಕು ಡೌನ್‌ಗಳು 1912ರಿಂದ.

ಈ ಕತೆ ಹೇಳಿ ಮುಗಿಸುವ ಮೊದಲೇ ಹಿಂದಿನ ಸಾಲಿನ ಹುಡುಗನೊಬ್ಬ, "ನಮ್ಮ ಕಬಡ್ಡಿಯಲ್ಲಿ ಮೂರನೆಯ ರೈಡ್ ಉಂಟಲ್ಲ ಟೀಚರೇ, ಹಾಗೆಯೇ" ಎಂದ. ಎರಡು ರೈಡ್ ಬರಿದಾಗಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟ್ ಎಂಬ, ಪ್ರೊ ಕಬಡ್ಡಿಯಿಂದ ಮಕ್ಕಳಿಗೆಲ್ಲ ಪರಿಚಿತವಾದ ನಿಯಮವನ್ನು ಅವನು ನೆನಪಿಸಿದ್ದ. ಕಾಲಹರಣ ತಡೆಯಲು ಹುಟ್ಟಿದ ಎರಡು ನಿಯಮಗಳೂ ಒಂದೇ ಜಾತಿಯವು ಎಂಬುದು ಅಮೆರಿಕದಲ್ಲಿ ಅಷ್ಟು ವರ್ಷ ಆಡಿದ ನನಗೆ ಹೊಳೆದಿರಲಿಲ್ಲ. ಅಂದಿನಿಂದ ನಾಲ್ಕನೆಯ ಡೌನನ್ನು ಮಕ್ಕಳು ತಮ್ಮೊಳಗೆ 'ಮೂರನೇ ರೈಡ್' ಎಂದೇ ಕರೆದರು. ಸಂಖ್ಯೆ ತಪ್ಪಿದ್ದರೂ ನಾನು ತಿದ್ದಲಿಲ್ಲ.

ಕಬಡ್ಡಿ ಅಲ್ಲಿನ ಮಕ್ಕಳ ಮೈಯಲ್ಲಿದೆ, ಮತ್ತು ನನ್ನ ಕೆಲಸದ ಬಹುಪಾಲು ಆ ಮೈಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದೇ ಆಗಿತ್ತು. ಅದರಿಂದ ಸಿಕ್ಕ ಲಾಭಗಳು ಸಣ್ಣವಲ್ಲ. ಪಟ್ಟಿ ಕೀಳುವವರು ಸೊಂಟ ತಗ್ಗಿಸಿ, ಹೆಜ್ಜೆ ಕಿರಿದಾಗಿಸಿ, ಎದುರಾಳಿಯ ಕಣ್ಣನ್ನಾಗಲಿ ಚೆಂಡನ್ನಾಗಲಿ ನೋಡದೆ ಸೊಂಟವನ್ನೇ ನೋಡಬೇಕು. ಭುಜ ಮತ್ತು ತಲೆ ಮೋಸ ಮಾಡಬಹುದು, ಸೊಂಟ ಮಾಡಲಾರದು. ಅಮೆರಿಕದ ಮಕ್ಕಳಿಗೆ ಇದನ್ನು ರೂಢಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. ಇಲ್ಲಿ ಮೂಲೆಯಲ್ಲಿ ನಿಂತು ಕಾಲು ಹಿಡಿಯುವ ಅಭ್ಯಾಸವಿದ್ದ ಹುಡುಗಿಯೊಬ್ಬಳು ಮೊದಲ ದಿನವೇ ಎಲ್ಲರ ಪಟ್ಟಿ ಕಿತ್ತು ರಾಶಿ ಹಾಕಿದಳು.

ತೊಂದರೆಗಳು ಬೇರೆ ಕಡೆಯಿಂದ ಬಂದವು. ಒಂದು, ಹಿಡಿಯುವುದು. ಪಟ್ಟಿ ಕಿತ್ತ ಕೈ ಅಲ್ಲಿಗೆ ನಿಲ್ಲದೆ ಎದುರಾಳಿಯ ಸೊಂಟವನ್ನೂ ಬಳಸಿಬಿಡುತ್ತಿತ್ತು. ಹಿಂದಿನಿಂದ ಇನ್ನಿಬ್ಬರು ಬಂದು ಬೀಳುತ್ತಿದ್ದರು. ಇದಕ್ಕೆ ನಾನು ಮಾಡಿದ್ದು ಇಷ್ಟೇ: ಕಿತ್ತ ಪಟ್ಟಿಯನ್ನು ಒಡನೆ ಕೈ ಮೇಲೆತ್ತಿ ತೋರಿಸಿದರೆ ಮಾತ್ರ ಲೆಕ್ಕ. ಕೈ ತಲೆಯ ಮೇಲೆ ಹೋಗಬೇಕಾದಾಗ ಸೊಂಟ ಬಳಸಲು ಆಗುವುದಿಲ್ಲ. ಎರಡನೆಯದು ಹೆಚ್ಚು ಸ್ವಾರಸ್ಯಕರ. ಕಬಡ್ಡಿಯ ರೈಡರ್ ಎದುರಾಳಿಯನ್ನು ಮುಟ್ಟಿದ ಕ್ಷಣದಿಂದ ನಡುಗೆರೆಯ ಕಡೆಗೆ ತಿರುಗುತ್ತಾನೆ. ಅವನ ಉಳಿವು ಹಿಂದಕ್ಕೆ ಬರುವುದರಲ್ಲಿದೆ. ಚೆಂಡು ಹಿಡಿದು ಒಬ್ಬರನ್ನು ಚೆನ್ನಾಗಿ ತಪ್ಪಿಸಿದ ಹುಡುಗ ಅದೇ ಓಘದಲ್ಲಿ ತಿರುಗಿ ತನ್ನದೇ ಕಡೆಗೆ ಓಡಿ, ಗಳಿಸಿದ್ದ ಗಜಗಳನ್ನೆಲ್ಲ ಕಳೆದು, ಮುಖದಲ್ಲಿ ಗೆದ್ದ ಸಂತೋಷ ಹೊತ್ತು ನಿಲ್ಲುತ್ತಿದ್ದ. ಮಾತಿನಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಕಾಲು ಮಾತು ಕೇಳುವ ಮೊದಲೇ ತಿರುಗಿರುತ್ತದೆ. ಓಡುವವರ ಬೆನ್ನ ಹಿಂದೆ ಎರಡು ಹೆಜ್ಜೆಯಲ್ಲಿ ಇನ್ನೊಬ್ಬ ಎದುರಾಳಿಯನ್ನು ಅಟ್ಟಿಸಿಕೊಂಡು ಬರಲು ಬಿಟ್ಟೆ; ಹಿಂದೆ ತಿರುಗಿದರೆ ನೇರವಾಗಿ ಅವನ ಕೈಗೇ ಬೀಳಬೇಕು. ಕೆಲವು ದಿನಗಳಲ್ಲಿ ಕಾಲುಗಳು ಹೊಸ ದಿಕ್ಕನ್ನು ಕಲಿತವು. ಮೂರನೆಯದು ಅಗಲದ ಪ್ರಶ್ನೆ: 13 ಮೀಟರ್ ಉದ್ದ, 10 ಮೀಟರ್ ಅಗಲದ ಕಬಡ್ಡಿ ಅಂಕಣಕ್ಕೆ ಒಗ್ಗಿದವರಿಗೆ ಸುಮಾರು 23 ಮೀಟರ್ ಅಗಲದಲ್ಲಿ ಪಕ್ಕಕ್ಕೆ ಹರಡಿ ನಿಲ್ಲುವುದೇ ವಿಚಿತ್ರವಾಗಿ ಕಾಣುತ್ತಿತ್ತು, ಐವರೂ ನಡುವಿಗೆ ಬಂದು ಸೇರಿಕೊಳ್ಳುತ್ತಿದ್ದರು.

ಎಸೆಯುವವರನ್ನು ಕ್ರಿಕೆಟಿನವರಲ್ಲಿ ಹುಡುಕಿದೆ, ಹಿಡಿಯುವವರನ್ನು ವಾಲಿಬಾಲಿನವರಲ್ಲಿ. ಗಡಿಗೆರೆಯಿಂದ ವಿಕೆಟ್ಟಿಗೆ ಎಸೆಯುವ ಕೈಗೆ ಬಲ ಇರುತ್ತದೆ, ಆದರೆ ಅದು ಪಕ್ಕದಿಂದ ಬೀಸುತ್ತದೆ. ಅಂಡಾಕಾರದ ಚೆಂಡನ್ನು ಹಾಗೆ ಎಸೆದರೆ ಅದು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಚೆಂಡನ್ನು ಕಿವಿಯ ಹತ್ತಿರಕ್ಕೆ ತಂದು, ಮೊಣಕೈ ಮುಂದೆ ಮಾಡಿ, ಹೊಲಿಗೆಯ ಮೇಲಿಟ್ಟ ಬೆರಳುಗಳಲ್ಲಿ ತೋರುಬೆರಳು ಕೊನೆಗೆ ಬಿಡುವಂತೆ ಎಸೆದಾಗ ಮಾತ್ರ ಅದು ತನ್ನ ಉದ್ದದ ಸುತ್ತ ತಿರುಗುತ್ತ ನೇರ ಹೋಗುತ್ತದೆ. ಒಂದು ಮೊಣಕಾಲನ್ನು ಚೀಲದ ಮೇಲೆ ಊರಿ ಕುಳಿತು ಎಸೆಯುವ ಅಭ್ಯಾಸ ಕೊಟ್ಟೆ. ಓಡಿಬಂದು ಎಸೆಯುವ ಚಟ ಅದರಿಂದ ಬಿಡುತ್ತದೆ. ವಾಲಿಬಾಲಿನ ಸೆಟ್ಟರ್‌ಗಳಿಗೆ ಎದೆಯಿಂದ ಮೇಲೆ ಬಂದ ಚೆಂಡಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಕೈಯೊಡ್ಡುವುದು ಆಗಲೇ ಬರುತ್ತಿತ್ತು. ಚೆಂಡನ್ನು ದೂಡದೆ ಇಟ್ಟುಕೊಳ್ಳಬೇಕು ಎಂಬುದೊಂದನ್ನು ಸೇರಿಸಿದರೆ ಅವರು ತಯಾರು.

ಸೆಕೆಯ ಕಾರಣದಿಂದ ಅಭ್ಯಾಸ ಬೆಳಗ್ಗೆ ಆರೂವರೆಯಿಂದ ಎಂಟೂವರೆ, ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ. ಮೇ ತಿಂಗಳ ಕರಾವಳಿಯಲ್ಲಿ ಹತ್ತು ಗಂಟೆಯ ಬಿಸಿಲಿಗಿಂತ ಗಾಳಿಯಲ್ಲಿರುವ ತೇವವೇ ಹೆಚ್ಚು ದಣಿಸುತ್ತದೆ. ಬೆವರು ಆರುವುದೇ ಇಲ್ಲ. ಅಭ್ಯಾಸದ ನಡುವೆ ಉಪ್ಪು ಹಾಕಿದ ಮಜ್ಜಿಗೆ, ಮುಗಿದ ಮೇಲೆ ಪುನರ್ಪುಳಿ ಶರಬತ್ತು. ಅಕ್ಕ ಎರಡನ್ನೂ ದೊಡ್ಡ ಪಾತ್ರೆಯಲ್ಲಿ ಕಳಿಸುತ್ತಿದ್ದಳು. ಹಗಲಿನ ಉಳಿದ ಹೊತ್ತು ನನ್ನದು. ದಿನದಿನವೂ ಒಂದು ಸುತ್ತು ಹಾಕಿ ಸಂಜೆಗೆ ಹಿಂತಿರುಗುವಷ್ಟು ಹತ್ತಿರದಲ್ಲೇ ಎಲ್ಲವೂ ಇರುವುದು ಆ ಜಿಲ್ಲೆಯ ಗುಣ. ಮಧುವಾಹಿನಿಯ ದಡದ ಮಧೂರು ದೇವಸ್ಥಾನದ ಗಜಪೃಷ್ಠಾಕಾರದ ಮಾಡನ್ನು ನೋಡಿದೆ. ಕುಂಬಳೆಯ ಹತ್ತಿರ ಸರೋವರದ ನಡುವಿರುವ ಅನಂತಪುರಕ್ಕೆ ಹೋದೆ. ಅಲ್ಲಿ ಬಹುಕಾಲ ಇದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತು, ಮರುವರ್ಷ ಇನ್ನೊಂದು ಕಾಣಿಸಿಕೊಂಡದ್ದನ್ನು ಮಕ್ಕಳು ನನಗೆ ಮೊದಲೇ ವರದಿ ಮಾಡಿದ್ದರು. ಆ ಮೊಸಳೆ ನನಗೆ ದರ್ಶನ ಕೊಡಲಿಲ್ಲ. ಭಾವನ ತೋಟದ ಮೇಲಿನ ಗುಡ್ಡದಲ್ಲಿ ಕೆಂಪುಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗವಿದೆ. ಒಬ್ಬರು ಬಗ್ಗಿ ಹೋಗುವಷ್ಟು ಜಾಗ, ಒಳಗಿನಿಂದ ಒಸರುವ ನೀರು ಪಂಪಿಲ್ಲದೆ ತೋಟದ ಕೆರೆಗೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಅದರ ಬಾಯಲ್ಲಿ ಕುಳಿತು ಮರುದಿನದ ಅಭ್ಯಾಸದ ಟಿಪ್ಪಣಿ ಬರೆದುಕೊಳ್ಳುವ ಸುಖವನ್ನು ನಾನು ಯಾವ ಕ್ರೀಡಾಂಗಣದ ಕಚೇರಿಯಲ್ಲೂ ಕಂಡಿಲ್ಲ.

ತಿರುಗಾಟ ನೇರವಾಗಿ ತರಬೇತಿಗೆ ಬಂದು ಸೇರಿದ್ದು ಬೇಕಲ ಕೋಟೆಯಲ್ಲಿ. ನಮ್ಮೂರ ಪಕ್ಕದ ಕೆಳದಿಯ ಶಿವಪ್ಪನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯೆಂದು ಬಾಲ್ಯದಿಂದ ಕೇಳಿದ್ದರಿಂದ, ಅಲ್ಲಿಗೆ ಹೋಗದೆ ಹಿಂತಿರುಗಿದರೆ ಸಾಗರದಲ್ಲಿ ಮುಖ ತೋರಿಸುವಂತಿರಲಿಲ್ಲ. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ ಕಾಞಂಗಾಡಿಗೆ ಹೋಗುವ ಬಸ್ಸು ಹತ್ತಿದರೆ ಕೋಟೆಯ ಹತ್ತಿರ ಇಳಿಯಬಹುದು. ಒಳಗೆ ಅರಮನೆಯಿಲ್ಲ, ಅಂತಃಪುರವಿಲ್ಲ. ಸುಮಾರು 40 ಎಕರೆಯ ಆ ಆವರಣ ಪೂರ್ತಿ ರಕ್ಷಣೆಗೆಂದೇ ಕಟ್ಟಿದ್ದು. ಸಮುದ್ರದ ಕಡೆಯ ಗೋಡೆಗಳಲ್ಲಿ ಬಂದೂಕಿಗೆಂದು ಬಿಟ್ಟಿರುವ ಕಿಂಡಿಗಳು ಒಂದೇ ಬಗೆಯವಲ್ಲ. ಮೇಲಿನವು ದೂರದ ಶತ್ರುವಿಗೆ ಗುರಿಯಿಡಲು, ಅವುಗಳ ಕೆಳಗಿನವು ಹತ್ತಿರ ಬಂದವರಿಗೆ, ಎಲ್ಲಕ್ಕಿಂತ ಕೆಳಗಿನವು ಗೋಡೆಯ ಬುಡಕ್ಕೇ ಬಂದವರಿಗೆ. ಒಂದು ಕಿಂಡಿಗೆ ಕಣ್ಣಿಟ್ಟರೆ ಅದರ ಪಾಲಿನ ಪಟ್ಟಿ ಮಾತ್ರ ಕಾಣುತ್ತದೆ.

ಆ ವಾರ ಮಕ್ಕಳೊಂದಿಗೆ ನಾನು ಹೆಣಗುತ್ತಿದ್ದದ್ದು ಇದೇ ವಿಷಯದಲ್ಲಿ. ರಕ್ಷಣೆಗೆ ನಿಂತ ಐವರೂ ಚೆಂಡು ಹೋದ ಕಡೆಗೆ ಒಟ್ಟಿಗೆ ನುಗ್ಗುತ್ತಿದ್ದರು. ಎದುರು ತಂಡದ ಒಬ್ಬ ಸುಮ್ಮನೆ ಹಿಂದಕ್ಕೆ ಓಡಿ ನಿಂತರೆ ಅವನ ಸುತ್ತ ಯಾರೂ ಇರುತ್ತಿರಲಿಲ್ಲ. ಮುಂದಿನ ಭಾನುವಾರ ದೈಹಿಕ ಶಿಕ್ಷಕರು, ಕೆಲವು ಹೆತ್ತವರು ಸೇರಿ ಮಕ್ಕಳನ್ನು ಜೀಪುಗಳಲ್ಲಿ ಬೇಕಲಕ್ಕೆ ಕರೆತಂದೆವು. ಒಬ್ಬೊಬ್ಬರನ್ನು ಒಂದೊಂದು ಕಿಂಡಿಯ ಮುಂದೆ ಕೂರಿಸಿ, ಕೆಳಗಿನ ಬಂಡೆಗಳ ಮೇಲೆ ನಡೆದು ಬರುತ್ತಿದ್ದ ಪ್ರವಾಸಿಗರು ತಮ್ಮ ಕಿಂಡಿಯಲ್ಲಿ ಕಂಡಾಗ ಮಾತ್ರ ಕೈ ಎತ್ತಲು ಹೇಳಿದೆ. ಒಬ್ಬರೇ ಪ್ರವಾಸಿಗ ಗೋಡೆಯತ್ತ ಬರುತ್ತಿದ್ದಂತೆ ಮೇಲಿನ ಕಿಂಡಿಯವರ ಕೈ ಇಳಿದು, ನಡುವಿನವರದು ಏರಿ, ಕೊನೆಗೆ ಕೆಳಗಿನವರದು ಏರಿತು. ಯಾರೂ ಎದ್ದು ಓಡಲಿಲ್ಲ. ಮರುದಿನ ಬೆಳಗ್ಗೆ ಮೈದಾನದಲ್ಲಿ ಸುಣ್ಣದಿಂದ ಮೂರು ಪಟ್ಟಿ ಎಳೆದು, 7 ಗಜದ ಆಚೆಯಿಂದ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವ ರಶರ್ ಒಬ್ಬಳು, ನಡುಪಟ್ಟಿಯಲ್ಲಿ ಅಗಲಕ್ಕೆ ಹರಡಿ ಮೂವರು, ಹಿಂದಿನ ಪಟ್ಟಿಯಲ್ಲಿ ಒಬ್ಬ, ಹೀಗೆ ನಿಲ್ಲಿಸಿದೆ. ತನ್ನ ಪಟ್ಟಿಗೆ ಬಂದವರನ್ನು ಕಾಯಬೇಕು, ದಾಟಿ ಹೋದವರನ್ನು ಹಿಂದಿನವರಿಗೆ ಕೂಗಿ ಒಪ್ಪಿಸಬೇಕು ಎಂಬ ವಲಯ ರಕ್ಷಣೆಯ ತತ್ವವನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ. 'ನಿನ್ನ ಕಿಂಡಿ ಬಿಡಬೇಡ' ಎಂಬ ಒಂದೇ ಮಾತು ಶಿಬಿರ ಮುಗಿಯುವವರೆಗೆ ಸಾಕಾಯಿತು.

ಹಾಜರಿಯ ವಿಷಯದಲ್ಲಿ ಊರಿನ ಪಂಚಾಂಗಕ್ಕೆ ತಲೆಬಾಗದೆ ಗತಿಯಿಲ್ಲ. ತೆಂಕುತಿಟ್ಟು ಯಕ್ಷಗಾನದ ಮೇಳಗಳು ಪತ್ತನಾಜೆಗೆ, ಅಂದರೆ ಮೇ ತಿಂಗಳ ನಾಲ್ಕನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಅದಕ್ಕೆ ಮುಂಚಿನ ದಿನಗಳಲ್ಲಿ ಬಯಲಾಟಗಳೂ ಕೋಲಗಳೂ ಒತ್ತೊತ್ತಾಗಿ ಬರುತ್ತವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ರಾತ್ರಿಯ ಆಟ ನೋಡಿ ಬಂದ ಮಗುವನ್ನು ಬೆಳಗ್ಗೆ ಆರೂವರೆಗೆ ಮೈದಾನಕ್ಕೆ ಬರಲಿಲ್ಲವೇಕೆಂದು ಗದರಿಸುವುದು ಅನ್ಯಾಯ. ಭಾವನಿಂದ ಮೇಳಗಳ ತಿರುಗಾಟದ ಪಟ್ಟಿ ತರಿಸಿ, ಹತ್ತಿರದಲ್ಲಿ ಆಟವಿದ್ದ ಮರುದಿನ ಬೆಳಗಿನ ಅಭ್ಯಾಸ ಬಿಟ್ಟೆ, ಮತ್ತು ಆ ರಾತ್ರಿ ನಾನೂ ಚಾಪೆ ಹಿಡಿದು ಹೋದೆ. ಹೀಗೆ ಮಾಡಿದ ಮೇಲೆ ಉಳಿದ ದಿನಗಳ ಹಾಜರಿ ನನಗೇ ಆಶ್ಚರ್ಯವಾಗುವಷ್ಟು ಸುಧಾರಿಸಿತು.

ಸಂಕೇತಗಳದ್ದು ಬೇರೆ ಬಗೆಯ ಸಮಸ್ಯೆ. ಎದುರಾಳಿಗೆ ತಿಳಿಯದಂತೆ ಮುಂದಿನ ಆಟವನ್ನು, ಅಂದರೆ ಯಾರು ಎತ್ತ ಓಡಬೇಕೆಂಬ ಯೋಜನೆಯನ್ನು, ತಂಡಕ್ಕೆ ಹೇಳಬೇಕಾದಾಗ, ಸಪ್ತಭಾಷೆಗಳ ನಾಡಿನಲ್ಲಿ ಯಾವ ಭಾಷೆಯಲ್ಲಿ ಗುಟ್ಟು ಹೇಳುವುದು? ನಮ್ಮ ಮಕ್ಕಳಲ್ಲಿ ಮನೆಮಾತು ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಂದು ಹಂಚಿಹೋಗಿತ್ತು, ಮತ್ತು ಪ್ರತಿಯೊಬ್ಬರಿಗೂ ಉಳಿದವರ ಮಾತು ಅರ್ಥವಾಗುತ್ತಿತ್ತು. ಆದ್ದರಿಂದ ಅಮೆರಿಕದ ತಂಡಗಳು ಮಾಡುವಂತೆ ಮುಂಗೈಗೆ ಕಟ್ಟುವ ಚೀಟಿಗಳನ್ನು ಮಾಡಿದೆವು. ಅಂಗೈಯಷ್ಟು ರಟ್ಟಿನಲ್ಲಿ ಆಟಗಳ ಚಿತ್ರ, ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಬೆವರು ತಾಗದಂತೆ ಮೇಲೆ ಪಾರದರ್ಶಕ ಟೇಪು. ಕ್ವಾರ್ಟರ್‌ಬ್ಯಾಕ್ ಮೂರು ಸಂಖ್ಯೆ ಕೂಗಿದರೆ ನಡುವಿನದು ಮಾತ್ರ ನಿಜ. ಆಟಗಳ ಸಂಖ್ಯೆಯನ್ನು ಎಂಟಕ್ಕೆ ನಿಲ್ಲಿಸಿದೆ. ಅದಕ್ಕಿಂತ ಹೆಚ್ಚು ಆಟಗಳನ್ನು ಅರೆಬರೆ ಬಲ್ಲ ತಂಡಕ್ಕಿಂತ, ಎಂಟನ್ನು ಎರಡೂ ಪಕ್ಕಗಳಿಂದ ಆಡಬಲ್ಲ ತಂಡ ಮೇಲು ಎಂದು ಅಮೆರಿಕದಲ್ಲೂ ಕಂಡಿದ್ದೆ.

ಮೇ ಕೊನೆಯ ವಾರ ಮಂಜೇಶ್ವರದ ಕಡೆಯ ಇನ್ನೊಂದು ಶಾಲೆಯೊಂದಿಗೆ ಪಂದ್ಯ ಗೊತ್ತಾಯಿತು. ಅಲ್ಲಿನ ಶಿಕ್ಷಕರು ನಮ್ಮ ಅಭ್ಯಾಸವನ್ನು ಕೆಲವು ಸಲ ನೋಡಿ ಹೋಗಿ ತಮ್ಮ ಮಕ್ಕಳಿಗೂ ಕಲಿಸಿದ್ದರು. ಬೆಳಗ್ಗೆ ಬೇಗ ಹೊರಟು, ರಾಷ್ಟ್ರಕವಿ ಗೋವಿಂದ ಪೈಯವರ ಮನೆಯಿದ್ದ 'ಗಿಳಿವಿಂಡು' ಆವರಣಕ್ಕೆ ಮಕ್ಕಳನ್ನು ಕರೆದೊಯ್ದು, ಆಮೇಲೆ ಮೈದಾನಕ್ಕೆ ಹೋದೆವು. ಪಂದ್ಯದ ಹಿಂದಿನ ರಾತ್ರಿ ಮಳೆ ಬಂದು ಕೆಂಪುಕಲ್ಲು ತೊಳೆದಿತ್ತು, ಆದರೆ ಗೆರೆಗಳೂ ಅದರೊಂದಿಗೆ ಹೋಗಿದ್ದವು. ಎರಡು ತಂಡದವರೂ ಸೇರಿ ಮತ್ತೆ ಸುಣ್ಣ ಹಾಕಿದರು. ಮೊದಲರ್ಧದಲ್ಲಿ ನಮ್ಮವರು ಆರಂಕದ ಎರಡು ಟಚ್‌ಡೌನ್ ಮಾಡಿ, ಅದರ ಮೇಲೆ ಸಿಗುವ ಹೆಚ್ಚುವರಿ ಅವಕಾಶದಲ್ಲಿ ಎರಡೂ ಸಲ 5 ಗಜದಿಂದ ಒಂದಂಕದ ಬದಲು 10 ಗಜದಿಂದ ಎರಡಂಕಕ್ಕೆ ಪ್ರಯತ್ನಿಸಿ ಕಳೆದುಕೊಂಡರು. ಅದು ಮಕ್ಕಳದೇ ತೀರ್ಮಾನ, ನಾನು ತಡೆಯಲಿಲ್ಲ. ಎದುರಿನವರು ಎರಡು ಟಚ್‌ಡೌನಿನ ಜೊತೆಗೆ ಒಂದೊಂದಂಕವನ್ನು ಜಾಣತನದಿಂದ ಸೇರಿಸಿಕೊಂಡು 14-12ರಲ್ಲಿ ಗೆದ್ದರು. ಹಿಂದಿರುಗುವ ಜೀಪಿನಲ್ಲಿ ಯಾರೂ ಅಳಲಿಲ್ಲ. ಎರಡಂಕದ ಲೆಕ್ಕದ ಬಗ್ಗೆ ಉಪ್ಪಳದವರೆಗೂ ಜಗಳ ನಡೆಯಿತು.

ಇಂಥ ಕೆಲಸಕ್ಕೆ ಹೋಗುವವರು ದಿನಗಳನ್ನು ಎಣಿಸುವಾಗ ಜೂನ್ ಒಂದನ್ನು ಗಡಿಯೆಂದು ಇಟ್ಟುಕೊಳ್ಳುವುದು ಒಳ್ಳೆಯದು. ಅಂದಿಗೆ ಕೇರಳದಲ್ಲಿ ಶಾಲೆ ತೆರೆಯುತ್ತದೆ, ಮುಂಗಾರೂ ಅದೇ ಹೊತ್ತಿಗೆ ಬರುತ್ತದೆ; ಮಳೆ ಹಿಡಿದರೆ ಪದವಿನ ಕಲ್ಲಿನ ಮೇಲೆ ಪಾಚಿ ಕಟ್ಟಿ, ಅಲ್ಲಿ ಓಡುವುದಿರಲಿ, ನಡೆಯುವುದೇ ಕಷ್ಟ. ಪೊಸಡಿಗುಂಪೆ ಗುಡ್ಡಕ್ಕೆ ಹೋಗುವುದಿದ್ದರೂ ಅದಕ್ಕೆ ಮುಂಚೆಯೇ ಹೋಗಬೇಕು. ಒಂದೆರಡು ಮಳೆ ಬಂದು ಗಾಳಿ ತೊಳೆದ ಮೇಲಿನ ಸಂಜೆಯಾದರೆ ಗುಡ್ಡದ ನೆತ್ತಿಯಿಂದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟದ ಸಾಲು ಸ್ಪಷ್ಟವಾಗಿ ಕಾಣುತ್ತವೆ.

ಚೆಂಡುಗಳನ್ನೂ ಪಟ್ಟಿಗಳನ್ನೂ ಹಣಿಗೆಗಳನ್ನೂ ಶಾಲೆಯಲ್ಲೇ ಬಿಟ್ಟು ಬಂದೆ. ಮಳೆಗಾಲದಲ್ಲಿ ಶಾಲೆಯ ಜಗಲಿಯಲ್ಲಿ ಹಿಡಿಯುವ ಅಭ್ಯಾಸ ಮಾತ್ರ ನಡೆಯುತ್ತಿದೆ ಎಂದು ದೈಹಿಕ ಶಿಕ್ಷಕರು ತಿಳಿಸಿದರು, ಜೊತೆಗೆ ಮಕ್ಕಳು ತಾವೇ ಬರೆದ ಒಂಬತ್ತನೆಯ ಆಟದ ಚಿತ್ರ ಕಳಿಸಿದರು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಕ್ಕದಲ್ಲಿ ಓಡಿಬರುವ ಹುಡುಗಿಯ ಕೈಗೆ ಕೊಟ್ಟು, ಕೆಲಸ ಮುಗಿಯಿತೆಂಬಂತೆ ಸುಮ್ಮನೆ ನಿಂತು, ಎಲ್ಲರ ಕಣ್ಣೂ ಅವಳತ್ತ ಹೋದಾಗ ತಾನು ಎಂಡ್ ಝೋನಿಗೆ ಓಡುತ್ತಾನೆ; ಅವಳು ಗೆರೆ ದಾಟುವ ಮುನ್ನ ನಿಂತು ಅವನಿಗೇ ಎಸೆಯುತ್ತಾಳೆ. ಇದು ನಿಯಮಕ್ಕೆ ಒಪ್ಪುತ್ತದೆಯೇ ಎಂದು ಕೇಳಿದ್ದರು. ಒಪ್ಪುತ್ತದೆ, ಆದರೆ ಆಕೆ ಎಸೆಯುವಾಗ ಆರಂಭದ ಗೆರೆಯ ಹಿಂದೆಯೇ ಇರಬೇಕು, ಆ ಡೌನಿನಲ್ಲಿ ಮುಂದಕ್ಕೆ ಎಸೆಯುವುದು ಅದೊಂದೇ ಸಲವಾಗಿರಬೇಕು ಎಂದು ಬರೆದು ಕಳಿಸಿದ್ದೇನೆ.